ಡಾಲ್ಫಿನ್‌ಗೆ ಹುಷಾರಿಲ್ಲ ಅಂತ ಗೊತ್ತಾಗುವುದು ಹೇಗೆ? ರಕ್ತದೊಳಗಿನ ಜೀನ್‌ಗಳು ಕೊಡುವ ಲೆಕ್ಕ

ಮಲ್ಪೆಯಿಂದ ಬೈಂದೂರಿನವರೆಗಿನ ಕಡಲ ದಂಡೆಗೆ ಆಗಾಗ ಸತ್ತ ಡಾಲ್ಫಿನ್ ಬಂದು ಬೀಳುತ್ತದೆ. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ, ಅರಣ್ಯ ಇಲಾಖೆಯವರು ಬರುತ್ತಾರೆ, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡುತ್ತಾರೆ, ಆಮೇಲೆ ಅಲ್ಲೇ ಮರಳಿನಲ್ಲಿ ಗುಂಡಿ ತೆಗೆದು ಹೂಳುತ್ತಾರೆ. ಮರುದಿನದ ಸುದ್ದಿಯಲ್ಲಿ 'ಬಲೆಗೆ ಸಿಕ್ಕಿ ಅಥವಾ ಬೋಟ್ ಬಡಿದು ಸತ್ತಿರುವ ಶಂಕೆ' ಎಂಬ ಒಂದು ಸಾಲು ಇರುತ್ತದೆ. ಅಲ್ಲಿಗೆ ವಿಷಯ ಮುಗಿಯಿತು.

ಕೇಳದೇ ಉಳಿಯುವ ಪ್ರಶ್ನೆ ಬೇರೆ. ಆ ಡಾಲ್ಫಿನ್ ಸಾಯುವ ಮೊದಲು ಹೇಗಿತ್ತು? ಅದರ ಗುಂಪಿನ ಉಳಿದವು ಈಗ ಹೇಗಿವೆ? ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಕಾಡುಪ್ರಾಣಿಗಳು ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತವೆ. ತೋರಿಸಿಕೊಂಡರೆ ಬೇಟೆಗೆ ಬೀಳುವ ಭಯ. ಅದರಲ್ಲೂ ಡಾಲ್ಫಿನ್ ಉಸಿರಿಗಾಗಿ ಮೇಲೆ ಬಂದಾಗ ನಮ್ಮ ಕಣ್ಣಿಗೆ ಕಾಣುವುದು ಒಂದೆರಡು ಸೆಕೆಂಡು, ಬೆನ್ನಿನ ಒಂದು ತುಂಡು ಮಾತ್ರ. ಅಷ್ಟರಲ್ಲಿ ಅದರ ಶ್ವಾಸಕೋಶ ಸರಿಯಿದೆಯೋ, ಬಸಿರು ನಿಂತಿದೆಯೋ, ಇಳಿದಿದೆಯೋ ಅಂತ ಯಾರು ಹೇಳಬೇಕು?

ಈ ಪ್ರಶ್ನೆಗೆ ಕಳೆದ ಒಂದೂವರೆ ದಶಕದಲ್ಲಿ ಒಂದು ಹೊಸ ಬಗೆಯ ಉತ್ತರ ರೂಪುಗೊಳ್ಳುತ್ತಿದೆ. ಡಾಲ್ಫಿನ್‌ನ ರಕ್ತ ತೆಗೆದು, ಅದರಲ್ಲಿ ಯಾವ ಜೀನ್‌ಗಳು ಎಷ್ಟು ಕೆಲಸ ಮಾಡುತ್ತಿವೆ ಎಂದು ಎಣಿಸುವುದು. ಇದಕ್ಕೆ ಜೀನ್ ಅಭಿವ್ಯಕ್ತಿಯ ಅಧ್ಯಯನ ಎನ್ನುತ್ತಾರೆ. ವರ್ಷಗಟ್ಟಲೆ ಜೀವಶಾಸ್ತ್ರ ಪಾಠ ಮಾಡಿದ ನನಗೆ ಇದು ಕುತೂಹಲದ ವಿಷಯ. ಸಾಲಿಗ್ರಾಮದಲ್ಲಿ, ಕಡಲಿಗೆ ಇಷ್ಟು ಹತ್ತಿರ ಬದುಕುವವನಾಗಿ ನೋಡಿದರೆ ಇದು ಬರೀ ಕುತೂಹಲ ಅಲ್ಲ, ಅಗತ್ಯ. ಯಾಕೆ ಅನ್ನುವುದನ್ನು ಒಂದೊಂದಾಗಿ ಬಿಡಿಸುತ್ತೇನೆ.

ನಮ್ಮ ಅಳಿವೆಯ ನೆರೆಹೊರೆ

ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಸಮುದ್ರ ಸೇರುವ ಕೋಡಿ ಬೆಂಗ್ರೆ, ಪಂಚಗಂಗಾವಳಿ ಸೇರುವ ಗಂಗೊಳ್ಳಿ. ಇಂಥ ಅಳಿವೆಗಳ ಆಸುಪಾಸಿನ ಆಳವಿಲ್ಲದ ನೀರು ಒಂದು ಜಾತಿಯ ಡಾಲ್ಫಿನ್‌ಗೆ ತೀರಾ ಇಷ್ಟ. ಬೆನ್ನಿನ ಮೇಲೆ ಉದ್ದನೆಯ ಡುಬ್ಬ, ಅದರ ಮೇಲೊಂದು ಸಣ್ಣ ರೆಕ್ಕೆ. ಗೂನುಬೆನ್ನಿನ ಡಾಲ್ಫಿನ್ ಎನ್ನಬಹುದು. ವೈಜ್ಞಾನಿಕ ಹೆಸರು ಸೌಸಾ ಪ್ಲಂಬಿಯ. ದಕ್ಷಿಣ ಆಫ್ರಿಕಾದಿಂದ ಭಾರತದವರೆಗಿನ ಕರಾವಳಿಯ ತೆಳುವಾದ ಪಟ್ಟಿಯೊಂದರಲ್ಲಿ ಮಾತ್ರ ಇದರ ಬದುಕು. ದಡ ಬಿಟ್ಟು ದೂರ ಹೋಗುವುದು ಅಪರೂಪ. ಅಂದರೆ ನಮ್ಮ ಚರಂಡಿ, ಬಂದರು, ಬಲೆ, ಬೋಟಿನ ಡೀಸೆಲ್ ಎಲ್ಲವೂ ಅದರ ಅಂಗಳದಲ್ಲೇ.

ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೂ ಡಾಲ್ಫಿನ್ ಇದೆ. ಹುಲಿಗೆ ಇರುವ ಕಾನೂನಿನ ರಕ್ಷಣೆಯೇ ಇದಕ್ಕೂ.

ಮೀನುಗಾರರಿಗೂ ಡಾಲ್ಫಿನ್‌ಗೂ ಇರುವ ಸಂಬಂಧ ಸಲೀಸಾದದ್ದಲ್ಲ. ನಾಡದೋಣಿಯ ಹಿರಿಯರೊಬ್ಬರು ನನ್ನ ಹತ್ತಿರ ಹೇಳಿದ್ದು ಹೀಗೆ: "ಅದ್ ಬಂದ್ರೆ ಬಲಿ ಹರೀತ್ ಮಾರಾಯ್ರೆ. ಆರೂ ಅದ್ ಕಾಣ್ದೇ ಇದ್ರೆ ಮೀನ್ ಇತ್ತಾ ಇಲ್ಯಾ ಅಂದೇಳಿ ನಮ್ಗೂ ಗೊತ್ತಾತಿಲ್ಲೆ." ಬಲೆ ಹರಿಯುತ್ತದೆ ಎಂಬ ಸಿಟ್ಟು, ಅದು ಇದ್ದಲ್ಲಿ ಮೀನಿದೆ ಎಂಬ ನಂಬಿಕೆ, ಎರಡೂ ಒಂದೇ ಬಾಯಲ್ಲಿ. ವಿಜ್ಞಾನ ಹೇಳುವುದೂ ಇದಕ್ಕೆ ಹತ್ತಿರದ್ದೇ. ಡಾಲ್ಫಿನ್ ನಮ್ಮ ಹಾಗೆಯೇ ಬೆಚ್ಚಗಿನ ರಕ್ತದ, ಹಾಲೂಡಿಸುವ, ಗಾಳಿ ಉಸಿರಾಡುವ ಪ್ರಾಣಿ. ನಾವು ತಿನ್ನುವ ಮೀನನ್ನೇ ತಿನ್ನುತ್ತದೆ. ದಶಕಗಟ್ಟಲೆ ಬದುಕುತ್ತದೆ. ಮೀನಿನ ಮೂಲಕ ಬಂದ ವಿಷ ಅದರ ಕೊಬ್ಬಿನಲ್ಲಿ ವರ್ಷವರ್ಷವೂ ಜಮೆಯಾಗುತ್ತದೆ. ತಾಯಿಯ ಹಾಲಿನ ಮೂಲಕ ಚೊಚ್ಚಲ ಮರಿಗೆ ಹೆಚ್ಚಿನ ಪಾಲು ದಾಟುತ್ತದೆ. ಡಾಲ್ಫಿನ್‌ಗೆ ಏನಾಗುತ್ತಿದೆ ಎಂದು ತಿಳಿದರೆ, ಅದೇ ಬಂಗುಡೆ, ಬೈಗೆ ತಿನ್ನುವ ನಮಗೂ ಒಂದು ಎಚ್ಚರಿಕೆ ಸಿಕ್ಕಂತೆ.

ಮೇಳದ ಲೆಕ್ಕದಲ್ಲಿ ಜೀನ್

ಜೀನ್ ಅಭಿವ್ಯಕ್ತಿ ಅಂದರೇನು? ಸಾಲಿಗ್ರಾಮದವರಿಗೆ ಇದನ್ನು ಹೇಳಲು ಯಕ್ಷಗಾನ ಮೇಳಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದು ಮೇಳದ ಬಳಿ ಹತ್ತಾರು ಪ್ರಸಂಗಗಳಿರುತ್ತವೆ. ಪೆಟ್ಟಿಗೆಯಲ್ಲಿ ರಾಜವೇಷ, ಬಣ್ಣದ ವೇಷ, ಸ್ತ್ರೀವೇಷ, ಎಲ್ಲದರ ಸಾಮಾನೂ ಇರುತ್ತದೆ. ಮೇಳ ಯಾವ ಊರಿಗೆ ಹೋದರೂ ಪೆಟ್ಟಿಗೆ ಅದೇ. ಆದರೆ ಇವತ್ತು ರಾತ್ರಿ ರಂಗದ ಮೇಲೆ ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎನ್ನುವುದು ಇವತ್ತಿನ ಪ್ರಸಂಗದ ಮೇಲೆ ಹೋಗುತ್ತದೆ. ಡಿಎನ್‌ಎ ಅಂದರೆ ಆ ಪೆಟ್ಟಿಗೆ. ಸಸ್ತನಿಯ ಬಹುತೇಕ ಪ್ರತಿ ಜೀವಕೋಶದಲ್ಲೂ ಪ್ರೋಟೀನ್ ತಯಾರಿಸುವ ಸುಮಾರು 20,000 ಜೀನ್‌ಗಳು ಇರುತ್ತವೆ. ಹುಷಾರಿದ್ದಾಗಲೂ ಅವೇ, ಜ್ವರ ಬಂದಾಗಲೂ ಅವೇ. ಬದಲಾಗುವುದು ಯಾವ ಜೀನ್ ಈಗ ರಂಗಕ್ಕೆ ಬಂದಿದೆ ಎನ್ನುವುದು.

ಒಂದು ಜೀನ್ ಕೆಲಸ ಶುರು ಮಾಡಿದಾಗ ಅದರ ಪ್ರತಿಯೊಂದು ಆರ್‌ಎನ್‌ಎ ರೂಪದಲ್ಲಿ ತಯಾರಾಗುತ್ತದೆ. ಆ ಪ್ರತಿಯನ್ನು ನೋಡಿಕೊಂಡು ಜೀವಕೋಶ ಪ್ರೋಟೀನ್ ಕಟ್ಟುತ್ತದೆ. ಹೆಚ್ಚು ಪ್ರತಿ ಇದ್ದರೆ ಸಾಮಾನ್ಯವಾಗಿ ಹೆಚ್ಚು ಕೆಲಸ. ಹಾಗಾಗಿ ಒಂದು ಕ್ಷಣದಲ್ಲಿ ಯಾವ ಜೀನಿನ ಎಷ್ಟು ಆರ್‌ಎನ್‌ಎ ಪ್ರತಿಗಳಿವೆ ಎಂದು ಎಣಿಸಿದರೆ, ದೇಹದಲ್ಲಿ ಈಗ ಯಾವ ಪ್ರಸಂಗ ನಡೆಯುತ್ತಿದೆ ಎಂದು ಊಹಿಸಬಹುದು. ಸೋಂಕಿನ ವಿರುದ್ಧ ಹೋರಾಟವೋ, ಉರಿಯೂತವೋ, ವಿಷವನ್ನು ಹೊರಹಾಕುವ ಪ್ರಯತ್ನವೋ, ಗರ್ಭದ ಸಿದ್ಧತೆಯೋ.

ರಕ್ತವೇ ಯಾಕೆ?

ಡೇರೆಯೊಳಗೆ ಹೋಗದೆ ಹೊರಗೆ ನಿಂತವನಿಗೂ ಚೆಂಡೆಯ ಪೆಟ್ಟು ಕೇಳಿದರೆ ಯುದ್ಧದ ಸನ್ನಿವೇಶ ಅಂತ ಗೊತ್ತಾಗುತ್ತದೆ. ರಕ್ತದ ಕೆಲಸವೂ ಸುಮಾರಾಗಿ ಹಾಗೇ. ಬಿಳಿ ರಕ್ತಕಣಗಳು ದೇಹವಿಡೀ ಸುತ್ತುತ್ತವೆ: ಶ್ವಾಸಕೋಶ, ಯಕೃತ್ತು, ದುಗ್ಧಗ್ರಂಥಿ, ಕರುಳು. ಎಲ್ಲಿ ತೊಂದರೆ ಇದೆಯೋ ಅಲ್ಲಿ ಅವುಗಳ ಜೀನ್‌ಗಳ ನಡವಳಿಕೆ ಬದಲಾಗುತ್ತದೆ, ಆ ಬದಲಾವಣೆ ಹೊತ್ತುಕೊಂಡೇ ಅವು ಮತ್ತೆ ರಕ್ತಕ್ಕೆ ಬರುತ್ತವೆ. ಶ್ವಾಸಕೋಶ ಕೊಯ್ಯದೆಯೇ ಅಲ್ಲಿನ ಸುದ್ದಿ ಒಂದು ಸಿರಿಂಜಿನಲ್ಲಿ ಸಿಗುತ್ತದೆ. ಸಸ್ತನಿಗಳ ಬಲಿತ ಕೆಂಪು ರಕ್ತಕಣಕ್ಕೆ ಕೋಶಕೇಂದ್ರ ಇಲ್ಲದಿರುವುದರಿಂದ, ರೋಗದ ಬಗ್ಗೆ ಹೇಳುವ ಆರ್‌ಎನ್‌ಎ ಹೆಚ್ಚಾಗಿ ಬಿಳಿ ಕಣಗಳದ್ದು.

ಮನುಷ್ಯರಲ್ಲಿ ಇದನ್ನು ಈಗಾಗಲೇ ನೋಡಿದ್ದಾರೆ. ಕ್ಷಯರೋಗ ಇರುವವರ ರಕ್ತದಲ್ಲಿ ಇಂಟರ್‌ಫೆರಾನ್‌ಗೆ ಸಂಬಂಧಿಸಿದ ಜೀನ್‌ಗಳು ಒಂದು ನಿರ್ದಿಷ್ಟ ರೀತಿಯಲ್ಲಿ ಚುರುಕಾಗುತ್ತವೆ ಎಂದು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ರೋಗ ಶ್ವಾಸಕೋಶದಲ್ಲಿ, ಗುರುತು ರಕ್ತದಲ್ಲಿ.

ಹಾಗಾದರೆ ಮಾಮೂಲಿ ರಕ್ತಪರೀಕ್ಷೆ ಸಾಲದೇ? ಅದು ಬೇಕೇ ಬೇಕು. ಆದರೆ ಲ್ಯಾಬಿನ ರಿಪೋರ್ಟಿನಲ್ಲಿ ಯಕೃತ್ತಿನ ಕಿಣ್ವ ಏರಿದೆ ಅಂತ ಬರುವಷ್ಟರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದಿರುತ್ತದೆ. ಜೀವಕೋಶ ವಿಷವನ್ನು ಎದುರಿಸಲು ಹೊರಟ ಹಂತದಲ್ಲೇ ಜೀನ್‌ಗಳ ಏರಿಳಿತ ಶುರುವಾಗುತ್ತದೆ. ಮಾಮೂಲಿ ಪರೀಕ್ಷೆ ಒಂದಷ್ಟು ಅಂಶಗಳನ್ನು ಅಳೆದರೆ, ಇದು ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ನೋಡುತ್ತದೆ. ಯಾವುದನ್ನು ಹುಡುಕಬೇಕು ಎಂದು ಮೊದಲೇ ಗೊತ್ತಿರಬೇಕಾಗಿಲ್ಲ.

ಕೆಲಸ ಸುಲಭ ಅಂದುಕೊಳ್ಳಬೇಡಿ. ಆರ್‌ಎನ್‌ಎ ಬಹಳ ಬೇಗ ಹಾಳಾಗುವ ವಸ್ತು. ಹೊರಗೆ ಬಿಸಿಲಿಗೆ ಇಟ್ಟ ಮೀನಿಗಿಂತಲೂ ಬೇಗ ಕೆಡುತ್ತದೆ. ಹಾಗಾಗಿ ಬಾಲದ ರಕ್ತನಾಳದಿಂದ ತೆಗೆದ ರಕ್ತವನ್ನು, ಆರ್‌ಎನ್‌ಎಯನ್ನು ಇದ್ದ ಸ್ಥಿತಿಯಲ್ಲೇ ಹಿಡಿದಿಡುವ ರಾಸಾಯನಿಕ ತುಂಬಿದ ಟ್ಯೂಬಿಗೆ ಕೂಡಲೇ ಹಾಕಬೇಕು, ಆಮೇಲೆ ಗಟ್ಟಿ ಚಳಿಯಲ್ಲಿ ಇಡಬೇಕು. ಪ್ರಯೋಗಾಲಯದಲ್ಲಿ ಆರ್‌ಎನ್‌ಎಯನ್ನು ಡಿಎನ್‌ಎ ರೂಪಕ್ಕೆ ತಿರುಗಿಸಿ, ಕೋಟಿಗಟ್ಟಲೆ ತುಣುಕುಗಳನ್ನು ಯಂತ್ರದಲ್ಲಿ ಓದಿಸಿ, ಪ್ರತಿ ತುಣುಕು ಯಾವ ಜೀನಿನದ್ದು ಎಂದು ಡಾಲ್ಫಿನ್‌ನ ಜೀನೋಮಿನ ಜೊತೆ ತಾಳೆ ನೋಡುತ್ತಾರೆ. ಕೊನೆಗೆ ಉಳಿಯುವುದು ಒಂದು ದೊಡ್ಡ ಕೋಷ್ಟಕ: ಈ ಪ್ರಾಣಿಯಲ್ಲಿ ಈ ಜೀನ್ ಇಷ್ಟು, ಆ ಪ್ರಾಣಿಯಲ್ಲಿ ಅಷ್ಟು.

ಎರಡು ಕೊಲ್ಲಿಗಳ 76 ಡಾಲ್ಫಿನ್‌ಗಳು

ಈ ವಿದ್ಯೆ ಯಾವ ಮಟ್ಟಕ್ಕೆ ಉಪಯೋಗಕ್ಕೆ ಬಂತು ಎಂದು ತಿಳಿಯಲು ಅಮೆರಿಕದ ಗಲ್ಫ್ ಆಫ್ ಮೆಕ್ಸಿಕೋಗೆ ಹೋಗಬೇಕು. 2010ರ ಏಪ್ರಿಲ್ 20ರಂದು ಅಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ವೇದಿಕೆ ಸ್ಫೋಟಿಸಿತು. 11 ಕಾರ್ಮಿಕರು ಸತ್ತರು. 87 ದಿನ ಸಮುದ್ರದ ತಳದಿಂದ ಕಚ್ಚಾತೈಲ ಉಕ್ಕಿತು. ಲೂಸಿಯಾನದ ಬರಾಟೇರಿಯಾ ಕೊಲ್ಲಿಗೆ ತೈಲ ದಪ್ಪಗೆ ಬಂದು ಮೆತ್ತಿತು.

2011ರ ಆಗಸ್ಟ್‌ನಲ್ಲಿ ವಿಜ್ಞಾನಿಗಳು ಆ ಕೊಲ್ಲಿಯ 32 ಡಾಲ್ಫಿನ್‌ಗಳನ್ನು ಆಳವಿಲ್ಲದ ನೀರಿನಲ್ಲಿ ಬಲೆ ಸುತ್ತಿ ಹಿಡಿದು, ತಪಾಸಣೆ ಮಾಡಿ ಬಿಟ್ಟರು. ಪಶುವೈದ್ಯರು, ಅಲ್ಟ್ರಾಸೌಂಡ್, ರಕ್ತಪರೀಕ್ಷೆ, ಎಲ್ಲ ಇತ್ತು. ಹೋಲಿಸಲು ಫ್ಲಾರಿಡಾದ ಸರಸೋಟಾ ಕೊಲ್ಲಿಯ ಡಾಲ್ಫಿನ್‌ಗಳಿದ್ದವು. ಅಲ್ಲಿಗೆ ಆ ತೈಲ ತಲುಪಿರಲಿಲ್ಲ, ಅಲ್ಲಿನ ಡಾಲ್ಫಿನ್‌ಗಳನ್ನು 1970ರಿಂದ ಬಿಡದೆ ಗಮನಿಸುತ್ತಾ ಬಂದಿದ್ದಾರೆ. ಬರಾಟೇರಿಯಾದವಕ್ಕೆ ಮಧ್ಯಮದಿಂದ ತೀವ್ರ ಸ್ವರೂಪದ ಶ್ವಾಸಕೋಶದ ಕಾಯಿಲೆ ಇರುವ ಸಾಧ್ಯತೆ ಐದು ಪಟ್ಟು ಹೆಚ್ಚು ಎಂದು ಕಂಡುಬಂತು. ಒತ್ತಡ ಬಂದಾಗ ಏರಬೇಕಾದ ಹಾರ್ಮೋನ್ ಏರುತ್ತಿರಲಿಲ್ಲ. ಶೇ. 17ರಷ್ಟು ಬದುಕುಳಿಯುವ ನಿರೀಕ್ಷೆಯೇ ಇಲ್ಲ ಎಂದು ವೈದ್ಯರು ಅಂದಾಜಿಸಿದರು. ಆಗ ಬಸಿರಿದ್ದವನ್ನು ಮುಂದಿನ ವರ್ಷಗಳಲ್ಲಿ ಹಿಂಬಾಲಿಸಿದರೆ ಶೇ. 20ರಷ್ಟು ಮಾತ್ರ ಬದುಕುವ ಮರಿ ಹಾಕಿದ್ದವು. ಆರೋಗ್ಯವಂತ ಗುಂಪಿನಲ್ಲಿ ಇದು ಶೇ. 83.

ಮುಂದಿನ ಹೆಜ್ಜೆ ಜೀನ್‌ಗಳದ್ದು. 2013ರಿಂದ 2018ರವರೆಗೆ ಈ ಎರಡು ಕೊಲ್ಲಿಗಳಲ್ಲಿ ತಪಾಸಣೆಗೆ ಒಳಗಾದ 76 ಡಾಲ್ಫಿನ್‌ಗಳ ರಕ್ತದ ಆರ್‌ಎನ್‌ಎ ಓದಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಬರಾಟೇರಿಯಾದ ಡಾಲ್ಫಿನ್‌ಗಳಲ್ಲಿ ರೋಗನಿರೋಧಕ ವ್ಯವಸ್ಥೆಯ ಜೀನ್‌ಗಳ ನಡವಳಿಕೆ ಬೇರೆಯಾಗಿತ್ತು, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ಕೆಲಸ ಏರುಪೇರಾಗಿತ್ತು. ಎಲ್ಲ ವರ್ಷಗಳಲ್ಲೂ ವ್ಯತ್ಯಾಸ ಇತ್ತು. ದುರಂತಕ್ಕೆ ಹತ್ತಿರದ 2013ರ ಮಾದರಿಗಳಲ್ಲಿ ಅತಿ ಹೆಚ್ಚು. ತೈಲಕ್ಕೆ ಒಡ್ಡಿಕೊಂಡಿರಬಹುದಾದ ಪ್ರಾಣಿಗಳಲ್ಲಿ ಗುರುತು ಎದ್ದು ಕಾಣುತ್ತಿತ್ತು. ಉರಿಯೂತ, ಗರ್ಭನಷ್ಟ, ಶ್ವಾಸಕೋಶ ಮತ್ತು ಹೃದಯದ ತೊಂದರೆಗೆ ಸಂಬಂಧಿಸಿದ ಜೀನ್‌ಗಳು ಆ ಪಟ್ಟಿಯಲ್ಲಿದ್ದವು. ವೈದ್ಯರು ಸ್ಟೆತೊಸ್ಕೋಪ್, ಅಲ್ಟ್ರಾಸೌಂಡ್ ಹಿಡಿದು ಕಂಡದ್ದಕ್ಕೂ ರಕ್ತದ ಆರ್‌ಎನ್‌ಎ ಹೇಳಿದ್ದಕ್ಕೂ ತಾಳೆ ಬಿತ್ತು.

ಅವಸರ ಬೇಡ

ಇಷ್ಟು ಕೇಳಿದ ಮೇಲೆ, ಹಂಗಾದ್ರೆ ಒಂದು ಹನಿ ರಕ್ತ ತೆಗೆದರೆ ಎಲ್ಲ ಗೊತ್ತಾಗುತ್ತದಲ್ಲ ಅನ್ನಿಸಬಹುದು. ಇಲ್ಲ. ಮೂರು ತೊಡಕುಗಳಿವೆ.

ಒಂದು, ಹಿಡಿಯುವುದೇ ಒಂದು ಆಘಾತ. ಕಾಡು ಡಾಲ್ಫಿನ್‌ಗಳನ್ನು ಹಿಡಿದು ಬಿಡುವ ತಪಾಸಣೆ ಅವುಗಳ ರಕ್ತದ ಜೀನ್ ಅಭಿವ್ಯಕ್ತಿಯನ್ನು ಹೇಗೆ ಬದಲಿಸುತ್ತದೆ ಎಂದೇ 2008ರಲ್ಲಿ ಒಂದು ಅಧ್ಯಯನ ನಡೆದಿತ್ತು. ಹಿಡಿದ ಭಯದ ಗುರುತನ್ನು ಕಾಯಿಲೆಯ ಗುರುತು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಎರಡು, ಪ್ರಾಣಿಯಿಂದ ಪ್ರಾಣಿಗೆ ಸಹಜ ವ್ಯತ್ಯಾಸ ಇರುತ್ತದೆ. ಪ್ರಾಯ, ಲಿಂಗ, ಬಸಿರು, ಆಹಾರ, ಎಲ್ಲವೂ ಜೀನ್‌ಗಳ ಏರಿಳಿತದಲ್ಲಿ ಕಾಣುತ್ತವೆ. ಮೂರು, ಎರಡು ಕೊಲ್ಲಿಗಳ ನಡುವೆ ತೈಲ ಒಂದೇ ವ್ಯತ್ಯಾಸ ಅಲ್ಲ. ನೀರಿನ ಉಪ್ಪು, ಸಿಗುವ ಮೀನು, ಹಳೆಯ ಮಾಲಿನ್ಯ ಬೇರೆಬೇರೆ. 2022ರ ಅಧ್ಯಯನ ಮಾಡಿದವರೂ ಈ ಜೀನ್‌ಗಳನ್ನು ರೋಗದ ಗುರುತಾಗಿ ಬಳಸುವ ಮೊದಲು ಇನ್ನಷ್ಟು ಸಂಶೋಧನೆ ಬೇಕು ಎಂದೇ ಹೇಳಿದ್ದಾರೆ.

ಈ ಮೂರಕ್ಕೂ ಮದ್ದು ಒಂದೇ: ಹೋಲಿಕೆಗೆ ಗಟ್ಟಿಯಾದ ತಳಹದಿ. ಸರಸೋಟಾದಲ್ಲಿ 40 ವರ್ಷದ ಲೆಕ್ಕ ಇದ್ದ ಕಾರಣಕ್ಕೇ ಬರಾಟೇರಿಯಾದಲ್ಲಿ ಆದದ್ದು ಅಸಹಜ ಅಂತ ಹೇಳಲು ಬಂತು. ನಮ್ಮ ಕರಾವಳಿಯ ಪ್ರಶ್ನೆ ಶುರುವಾಗುವುದೂ ಇಲ್ಲಿಂದಲೇ.

ನಮ್ಮ ಕಡಲಿಗೆ ಎಣ್ಣೆ ಹೊಸದಲ್ಲ

2006ರ ಮೇ 30ರಂದು ಕಾರವಾರದ ಬಳಿ ಓಷನ್ ಸೆರಾಯ ಎಂಬ ಹಡಗು ಬಂಡೆಗೆ ಸಿಕ್ಕಿತು. ಸುಮಾರು 650 ಟನ್ ಎಣ್ಣೆ ಚೆಲ್ಲಿ ಕಾರವಾರ, ಗೋವಾದ ಕಡಲ ದಂಡೆ ಕಪ್ಪಾಯಿತು. ಕಾರವಾರದ ಕಡಲು ಇದೇ ಗೂನುಬೆನ್ನಿನ ಡಾಲ್ಫಿನ್‌ಗಳ ನೆಲೆ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಮುಳುಗಿತು. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಮುಳುಗಿತು. ಅದರಲ್ಲಿ 640 ಕಂಟೇನರ್‌ಗಳಿದ್ದವು. ಎರಡೇ ವಾರದಲ್ಲಿ ಕೇರಳದ ಕಡಲಲ್ಲೇ ವಾನ್ ಹಾಯ್ 503ಕ್ಕೆ ಬೆಂಕಿ ಬಿತ್ತು. ಇತ್ತ ಮಂಗಳೂರಿನಲ್ಲಿ ತೈಲ ಶುದ್ಧೀಕರಣ ಘಟಕ ಇದೆ, ನಮ್ಮ ಜಿಲ್ಲೆಯ ಪಾದೂರಿನಲ್ಲಿ ನೆಲದಡಿ 25 ಲಕ್ಷ ಟನ್ ಕಚ್ಚಾತೈಲ ಇಡುವ ಸಂಗ್ರಹಾಗಾರ ಇದೆ. ಆ ತೈಲ ಬರುವುದು ಹಡಗಿನಲ್ಲೇ.

ಮುಂದಿನ ಅವಘಡ ನಮ್ಮ ಅಳಿವೆಯ ಎದುರೇ ಆಯಿತು ಎಂದಿಟ್ಟುಕೊಳ್ಳಿ. ಆರು ತಿಂಗಳ ನಂತರ ಎರಡು ಡಾಲ್ಫಿನ್ ದಡಕ್ಕೆ ಬಂದವು. ಎಣ್ಣೆಯಿಂದಲೇ ಸತ್ತವು ಎಂದು ನಾವು ಹೇಳುತ್ತೇವೆ. ಹಡಗಿನ ಕಂಪನಿಯ ವಕೀಲರು ಒಂದೇ ಪ್ರಶ್ನೆ ಕೇಳುತ್ತಾರೆ: ಮೊದಲು ಅವು ಆರೋಗ್ಯವಾಗಿದ್ದವು ಎನ್ನುವುದಕ್ಕೆ ನಿಮ್ಮ ಬಳಿ ಏನಿದೆ?

ಇದು ಬರೀ ವಾದಕ್ಕೆ ಹೇಳಿದ ಮಾತಲ್ಲ. ಡೀಪ್‌ವಾಟರ್ ಹೊರೈಜನ್ ಪ್ರಕರಣದಲ್ಲಿ 2016ರಲ್ಲಿ ಬಿಪಿ ಕಂಪನಿ ಒಪ್ಪಿಕೊಂಡ ಮೊತ್ತದಲ್ಲಿ 880 ಕೋಟಿ ಡಾಲರ್‌ವರೆಗಿನ ಪಾಲು ನಿಸರ್ಗಕ್ಕೆ ಆದ ನಷ್ಟಕ್ಕೇ ಮೀಸಲು. ಆ ನಷ್ಟದ ಅಂದಾಜಿನಲ್ಲಿ ಡಾಲ್ಫಿನ್‌ಗಳ ಆರೋಗ್ಯದ ದಾಖಲೆಯೂ ಸೇರಿತ್ತು. ಎಲ್ಸಾ 3 ಪ್ರಕರಣದಲ್ಲಿ ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿದೆ. ಇಂಥ ಮೊತ್ತವನ್ನು ಕೋರ್ಟಿನಲ್ಲಿ ಉಳಿಸಿಕೊಳ್ಳಲು ಬೇಕಾದದ್ದು ಮೊದಲು-ಆಮೇಲಿನ ಲೆಕ್ಕ. ಆ ದುಡ್ಡು ಡಾಲ್ಫಿನ್‌ಗೆ ಮಾತ್ರ ಸಂಬಂಧಿಸಿದ್ದಲ್ಲ. ತಿಂಗಳುಗಟ್ಟಲೆ ದೋಣಿ ಇಳಿಸಲಾಗದೆ ಕೂರುವ ಕುಟುಂಬಗಳ ಅನ್ನವೂ ಅದರಲ್ಲಿದೆ.

ಹಿಡಿಯದೆ ಏನು ಮಾಡಬಹುದು?

ಅಮೆರಿಕದವರ ಹಾಗೆ ಬಲೆ ಸುತ್ತಿ ಹಿಡಿಯೋಣ ಎಂದು ನಾನು ಹೇಳುತ್ತಿಲ್ಲ. ತರಬೇತಾದ ದೊಡ್ಡ ತಂಡವಿಲ್ಲದೆ ಅದು ಅಪಾಯ. ಕೇಂದ್ರ ಮತ್ತು ರಾಜ್ಯದ ಅನುಮತಿ ಇಲ್ಲದೆ ಅಪರಾಧವೂ ಹೌದು. ಆದರೆ ಭಾರತದಲ್ಲಿ ಅದು ಅಸಾಧ್ಯ ಅಲ್ಲ ಎಂಬುದೂ ಸಾಬೀತಾಗಿದೆ. 2024ರ ಡಿಸೆಂಬರ್‌ನಲ್ಲಿ ಅಸ್ಸಾಂನಲ್ಲಿ ಗಂಗಾ ಡಾಲ್ಫಿನ್ ಒಂದನ್ನು ಹಿಡಿದು, ಉಪಗ್ರಹ ಟ್ಯಾಗ್ ಹಾಕಿ, ಸುರಕ್ಷಿತವಾಗಿ ಬಿಡಲಾಯಿತು. 2020ರಲ್ಲಿ ಘೋಷಣೆಯಾದ ಪ್ರಾಜೆಕ್ಟ್ ಡಾಲ್ಫಿನ್ ಅಡಿಯಲ್ಲಿ ಆದ ಕೆಲಸ ಅದು. ಆ ಯೋಜನೆಯಲ್ಲಿ ನದಿಯ ಜೊತೆ ಸಮುದ್ರದ ಡಾಲ್ಫಿನ್‌ಗಳೂ ಸೇರಿವೆ.

ನಮ್ಮಲ್ಲಿ ಶುರು ಮಾಡಲು ಸುಲಭದ ದಾರಿಗಳಿವೆ. ಜೀವಂತವಾಗಿ ದಡಕ್ಕೆ ಬಂದ ಅಥವಾ ಬಲೆಯಲ್ಲಿ ಸಿಕ್ಕ ಡಾಲ್ಫಿನ್‌ನ್ನು ಮತ್ತೆ ಕಡಲಿಗೆ ಬಿಡುವ ಮೊದಲು, ಅದಕ್ಕೆ ತೊಂದರೆ ಆಗದಂತಿದ್ದರೆ, ಪಶುವೈದ್ಯರು ಸ್ವಲ್ಪ ರಕ್ತ ತೆಗೆದು ಸರಿಯಾದ ಟ್ಯೂಬಿಗೆ ಹಾಕಿಡಬಹುದು. ಆಗಷ್ಟೇ ಸತ್ತದ್ದಾದರೆ ಚರ್ಮ, ಕೊಬ್ಬು, ಯಕೃತ್ತಿನ ಸಣ್ಣ ತುಂಡುಗಳು. ಆರ್‌ಎನ್‌ಎ ಹಾಳಾಗಿದ್ದರೂ ಕೊಬ್ಬಿನಲ್ಲಿರುವ ವಿಷವನ್ನು ಅಳೆಯಲು ಅವು ಸಾಕು. ಬದುಕಿರುವವುಗಳಿಂದ, ಅನುಮತಿ ಪಡೆದು, ಸಣ್ಣ ಬಾಣದಿಂದ ಚರ್ಮದ ಚೂರು ತೆಗೆಯುವ ಕ್ರಮವೂ ಜಗತ್ತಿನಲ್ಲಿ ರೂಢಿಯಲ್ಲಿದೆ. ಚರ್ಮದ ಆರ್‌ಎನ್‌ಎ ಮೇಲೂ ಅಧ್ಯಯನಗಳಾಗಿವೆ. ಇದರ ಜೊತೆಗೆ ಬೆನ್ನಿನ ರೆಕ್ಕೆಯ ಫೋಟೋ ನೋಡಿ ಒಂದೊಂದು ಡಾಲ್ಫಿನ್‌ನ್ನೂ ಗುರುತಿಸುವ ಕೆಲಸ. ಇದಕ್ಕೆ ಒಂದು ಒಳ್ಳೆಯ ಕ್ಯಾಮೆರಾ, ಒಂದು ದೋಣಿ, ತಾಳ್ಮೆ ಸಾಕು. ಯಾವ ಮರಿ ಯಾವ ತಾಯಿಯದು, ಎಷ್ಟು ಬದುಕಿತು ಎಂಬ ಲೆಕ್ಕ ಇಲ್ಲದಿದ್ದರೆ ರಕ್ತದ ಜೀನ್‌ಗಳು ಹೇಳಿದ್ದಕ್ಕೆ ಅರ್ಥ ಕಟ್ಟುವುದು ಕಷ್ಟ.

ಸಂಸ್ಥೆಗಳಿಗೆ ಕೊರತೆ ಇಲ್ಲ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಸಾಲಿಗ್ರಾಮದಿಂದ ಬಸ್ಸು ಹತ್ತಿದರೆ ಮಣಿಪಾಲದಲ್ಲಿ ಜೀವವಿಜ್ಞಾನದ ಪ್ರಯೋಗಾಲಯಗಳಿವೆ. ಜೀನ್ ಓದುವ ಯಂತ್ರಗಳು ಬೆಂಗಳೂರು, ಹೈದರಾಬಾದ್‌ನಲ್ಲಿ ಇವೆ. ಬೇಕಾಗಿರುವುದು ಇವರನ್ನು ಒಂದೇ ದಾರದಲ್ಲಿ ಪೋಣಿಸುವ ಒಂದು ಲಿಖಿತ ಕ್ರಮ: ಡಾಲ್ಫಿನ್ ಸಿಕ್ಕಿದರೆ ಯಾರಿಗೆ ಫೋನ್ ಮಾಡಬೇಕು, ಮಾದರಿ ಯಾರು ತೆಗೆಯಬೇಕು, ಯಾವ ಫ್ರೀಜರಿನಲ್ಲಿ ಇಡಬೇಕು, ಲೆಕ್ಕ ಯಾರ ಬಳಿ ಇರಬೇಕು.

ಈ ಕ್ರಮದ ಮೊದಲ ಕೊಂಡಿ ಮೀನುಗಾರರು. ಬಲೆಯಲ್ಲಿ ಡಾಲ್ಫಿನ್ ಸಿಕ್ಕಿತು ಎಂದು ಹೇಳಿದರೆ ಕೇಸು ಬೀಳುತ್ತದೆ ಎಂಬ ಹೆದರಿಕೆ ಅವರಿಗೆ ಇರುವತನಕ ಯಾರೂ ಫೋನ್ ಮಾಡುವುದಿಲ್ಲ, ಸದ್ದಿಲ್ಲದೆ ನೀರಿಗೆ ಬಿಡುತ್ತಾರೆ. ಆಕಸ್ಮಿಕವಾಗಿ ಸಿಕ್ಕಿದ್ದನ್ನು ತಿಳಿಸಿದವರಿಗೆ ಕಿರಿಕಿರಿ ಆಗದು, ಬಿಡಿಸಲು ಬಲೆ ಕತ್ತರಿಸಿದರೆ ಬಲೆಯ ದುಡ್ಡು ಸಿಗುತ್ತದೆ ಎಂಬ ಖಾತರಿ ಮೊದಲು ಕೊಡಬೇಕು. ಮಹಾರಾಷ್ಟ್ರದಲ್ಲಿ ಸಂರಕ್ಷಿತ ಕಡಲಜೀವಿಗಳನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರರಿಗೆ ಪರಿಹಾರ ಕೊಡುವ ಯೋಜನೆ ಕೆಲವು ವರ್ಷಗಳಿಂದ ಇದೆ. ನಮ್ಮ ಸರ್ಕಾರ ಅದನ್ನು ನೋಡಿ ಕಲಿಯುವುದರಲ್ಲಿ ಯಾವ ಅವಮಾನವೂ ಇಲ್ಲ.

ಈ ಟ್ಯೂಬು, ಫ್ರೀಜರು, ಒಂದಿಷ್ಟು ತರಬೇತಿಗೆ ಆಗುವ ಖರ್ಚು ಒಂದು ಕಡಲ ಕೊರೆತ ತಡೆಗೋಡೆಯ ಬಿಲ್ಲಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅದನ್ನು ಅವಘಡ ಆದ ಮೇಲೆ ಮಾಡಲು ಬರುವುದಿಲ್ಲ. ಎಣ್ಣೆ ಬಿದ್ದ ಮರುದಿನ ತೆಗೆದ ರಕ್ತದಲ್ಲಿ ಹಿಂದಿನ ದಿನದ ಆರೋಗ್ಯ ಸಿಗುವುದಿಲ್ಲ. ಮುಂದಿನ ಬಜೆಟ್ಟಿನಲ್ಲಿ ಕರಾವಳಿಗೆ ಏನು ಬೇಕು ಎಂದು ನಮ್ಮ ಶಾಸಕರು ಪಟ್ಟಿ ಮಾಡುವಾಗ, ಬಂದರು, ಸೇತುವೆ, ರಸ್ತೆಯ ಕೆಳಗೆ ಈ ಒಂದು ಸಾಲನ್ನೂ ಬರೆಸುವ ಕೆಲಸ ನಮ್ಮದು.